ಪೈನ್ ಹಲಗೆಯ ಪೆಟ್ಟಿಗೆಯಲ್ಲಿ ಸೀತಾ ಅಶೋಕದ ಸಸಿ

ಸೀತಾ ಅಶೋಕದ ಬೀಜ ಬಿತ್ತಲು ಆಳವಾದ, ತಳಕ್ಕೆ ತಂತಿ ಜಾಲರಿ ಹೊಡೆದ ಮರದ ಪೆಟ್ಟಿಗೆಗಳನ್ನು ಮಾಡಿದ ಕೆಲಸದ ದಾಖಲೆ ಇದು. ಪೆಟ್ಟಿಗೆಗೆ ಬಳಸಿದ್ದು ಹಡಗಿನಲ್ಲಿ ಬಂದ ಸರಕಿನ ಅಡಿಗೆ ಇಟ್ಟಿದ್ದ ಪ್ಯಾಲೆಟ್‌ಗಳ ಪೈನ್ ಹಲಗೆ. ಅಳತೆ, ಕೊಯ್ಯುವ ಲೆಕ್ಕ, ಎಣ್ಣೆ, ಮಣ್ಣಿನ ಮಿಶ್ರಣ ಎಲ್ಲವನ್ನೂ ಬರೆದಿದ್ದೇನೆ. ಬೇಕಾದವರು ಹಾಗೆಯೇ ಮಾಡಿಕೊಳ್ಳಬಹುದು. ಕೆಲಸ ಸಾಗಿದಂತೆ ಈ ಎರಡು ಮರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡದೆ ಇರಲು ಆಗಲಿಲ್ಲ. ಅಶೋಕದ ಹೆಸರು ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ, ಮರವನ್ನು ಕಣ್ಣಾರೆ ಕಂಡವರು ಮಾತ್ರ ಕಡಿಮೆ. ಪೈನ್ ಹಲಗೆ ಗುಜರಿ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತದೆ; ಅದು ಯಾವ ಮರ, ಎಲ್ಲಿಯದು ಎಂದು ಕೇಳುವವರಿಲ್ಲ.

ಮೊದಲು ಯಾವ ಅಶೋಕ ಎಂಬುದು ಸ್ಪಷ್ಟವಾಗಲಿ. ಕಾಂಪೌಂಡ್ ಗೋಡೆಯ ಉದ್ದಕ್ಕೂ ಕಂಬದ ಹಾಗೆ ನೆಟ್ಟಗೆ ನಿಲ್ಲುವ, ಅಂಚು ಅಲೆಅಲೆಯಾಗಿರುವ ಒಂಟಿ ಎಲೆಯ ಮರವನ್ನು ನರ್ಸರಿಗಳಲ್ಲಿ ಅಶೋಕ ಎಂದೇ ಮಾರುತ್ತಾರೆ. ಅದು ಸೀತಾಫಲದ ಕುಟುಂಬದ್ದು. ನಾನು ಹೇಳುತ್ತಿರುವುದು ಸರಾಕಾ ಅಸೋಕಾ, ನಮ್ಮ ಹಳೆಯ ಕಾವ್ಯಗಳ ಅಸುಗೆ. ಇದು ಹುಣಸೆಯಂತೆ ದ್ವಿದಳ ಕುಟುಂಬಕ್ಕೆ ಸೇರಿದ ಮರ. ಒಂದೇ ಕಡ್ಡಿಯಲ್ಲಿ ಮೂರರಿಂದ ಆರು ಜೊತೆ ಉದ್ದನೆಯ ಎಲೆಗಳಿರುತ್ತವೆ. ಚಿಗುರು ತಾಮ್ರದ ಬಣ್ಣದಲ್ಲಿ ಜೋತುಬೀಳುತ್ತದೆ. ಹೂವಿಗೆ ದಳಗಳೇ ಇಲ್ಲ. ನಾವು ದಳವೆಂದುಕೊಳ್ಳುವುದು ಬಣ್ಣ ಬಂದ ಪುಷ್ಪಪಾತ್ರೆಯ ನಾಲ್ಕು ಹಾಳೆಗಳನ್ನು. ಅರಳಿದಾಗ ಹಳದಿ ಮಿಶ್ರಿತ ಕೇಸರಿ, ದಿನ ಕಳೆದಂತೆ ಕೆಂಪು. ಎಳೆ ಕೊಂಬೆಗಳಲ್ಲಿ ಮಾತ್ರವಲ್ಲ, ದಪ್ಪ ಕೊಂಬೆ ಮತ್ತು ಕಾಂಡದ ಮೇಲೂ ಗೊಂಚಲು ಮೂಡುತ್ತದೆ. ಪಶ್ಚಿಮ ಘಟ್ಟದ ತಪ್ಪಲಿನಲ್ಲಿ, ಹಳ್ಳದ ಬದಿಯ ನೆರಳಿನಲ್ಲಿ ಇದರ ಮನೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದನ್ನು ಅಪಾಯಕ್ಕೆ ಈಡಾಗಬಹುದಾದ ಮರಗಳ ಸಾಲಿನಲ್ಲಿ ಇಟ್ಟಿದ್ದಾರೆ.

ಕಡಿಮೆಯಾಗಲು ಕಾರಣ ತೊಗಟೆ. ಅಶೋಕಾರಿಷ್ಟ ಎಂಬ ಆಯುರ್ವೇದ ಔಷಧಕ್ಕೆ ಬೇಕಾಗುವುದು ಈ ಮರದ ತೊಗಟೆಯೇ. ಕಾಂಡದ ಸುತ್ತಲೂ ತೊಗಟೆ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ತಪ್ಪುತ್ತದೆ, ಮರ ನಿಂತಲ್ಲೇ ಸಾಯುತ್ತದೆ. ಬೇಡಿಕೆಗೆ ಸಾಲದಷ್ಟು ಮರಗಳು ಉಳಿದಿರುವುದರಿಂದ ಮಾರುಕಟ್ಟೆಯಲ್ಲಿ ಅದೇ ಕಾಂಪೌಂಡ್ ಅಶೋಕದ ತೊಗಟೆಯನ್ನು ಬೆರೆಸುವುದು, ಕೆಲವೊಮ್ಮೆ ಅದನ್ನೇ ಕೊಡುವುದು ಬಹಳ ಹಿಂದಿನಿಂದ ನಡೆದುಬಂದಿದೆ. ಕಾಡಿನಿಂದ ತೆಗೆದವರ ಕೈಗಳು ಎಷ್ಟೋ, ಬಿತ್ತಿದ ಕೈಗಳು ಬೆರಳೆಣಿಕೆ. ಪುತ್ತೂರಿನ ಕಡೆಯ ನಮ್ಮ ಊರಿನ ತೋಡಿನ ಉದ್ದಕ್ಕೂ ಮತ್ತೆ ಈ ಮರ ನಿಲ್ಲಬೇಕು ಎಂಬ ಆಸೆಯಿಂದ ಈ ಕೆಲಸಕ್ಕೆ ಇಳಿದೆ.

ಹಲಗೆಯ ಮುದ್ರೆ ಓದುವುದು

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಗುಜರಿ ಅಂಗಡಿಯೊಂದರಲ್ಲಿ ಪ್ಯಾಲೆಟ್‌ಗಳನ್ನು ಆರಿಸಿದೆ. ಆರಿಸುವಾಗ ನೋಡಬೇಕಾದ್ದು ಪಕ್ಕದ ದಿಂಡಿನ ಮೇಲೆ ಒತ್ತಿರುವ ಮುದ್ರೆ. ಗೋಧಿ ತೆನೆಯ ಚಿತ್ರ, ಎರಡಕ್ಷರದ ದೇಶದ ಗುರುತು, ಪಕ್ಕದಲ್ಲಿ ‘ಎಚ್‌ಟಿ’ ಅಥವಾ ‘ಎಂಬಿ’. ಮರದೊಳಗಿನ ಹುಳುಗಳು ದೇಶದಿಂದ ದೇಶಕ್ಕೆ ದಾಟದಂತೆ 2002ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ನಿಯಮದ ಮುದ್ರೆ ಇದು. ‘ಎಚ್‌ಟಿ’ ಎಂದರೆ ಮರದ ನಡುಭಾಗವೂ ಸೇರಿ 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕನಿಷ್ಠ 30 ನಿಮಿಷ ಬೇಯಿಸಿದ್ದು. ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಅನಿಲದಲ್ಲಿ ಇಟ್ಟಿದ್ದು. ಸಸಿಯ ಬೇರು ತಾಗುವ ಪೆಟ್ಟಿಗೆಗೆ ‘ಎಚ್‌ಟಿ’ ಮಾತ್ರ ಸಾಕು ಎಂದು ನಿರ್ಧರಿಸಿದೆ. ಮುದ್ರೆಯೇ ಇಲ್ಲದ್ದು, ಎಣ್ಣೆ ಅಥವಾ ರಾಸಾಯನಿಕ ಚೆಲ್ಲಿ ಕಲೆಯಾದದ್ದು, ಹಸಿರು ಬಣ್ಣಕ್ಕೆ ತಿರುಗಿದ್ದು ಬೇಡ.

ನನಗೆ ಸಿಕ್ಕಿದ ಪ್ಯಾಲೆಟ್‌ಗಳ ಮೇಲೆ ನ್ಯೂಜಿಲೆಂಡಿನ ಗುರುತಿತ್ತು. ಮುದ್ರೆ ಮರದ ಜಾತಿಯನ್ನು ಹೇಳುವುದಿಲ್ಲ. ಆದರೆ ಆ ದೇಶದ ನೆಡುತೋಪುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಜಾಗದಲ್ಲಿ ಇರುವುದು ರೇಡಿಯಾಟಾ ಪೈನ್. ಹಲಗೆಯ ತಿಳಿ ಬಣ್ಣ, ಅಗಲವಾದ ವಾರ್ಷಿಕ ಉಂಗುರ, ಗರಗಸ ಆಡಿಸಿದೊಡನೆ ಏಳುವ ರಾಳದ ವಾಸನೆ, ಇವೆಲ್ಲವೂ ಅದಕ್ಕೇ ಹೊಂದುತ್ತವೆ.

ಈ ರೇಡಿಯಾಟಾದ ಕಥೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಇದರ ಮೂಲ ಮನೆ ನ್ಯೂಜಿಲೆಂಡ್ ಅಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಮೂರು ಕಡೆ, ಅಂದರೆ ಅನ್ಯೊ ನ್ಯೂವೊ, ಮಾಂಟೆರೆ ಮತ್ತು ಕೇಂಬ್ರಿಯಾದಲ್ಲಿ, ಜೊತೆಗೆ ಮೆಕ್ಸಿಕೊಗೆ ಸೇರಿದ ಗ್ವಾಡಲೂಪೆ ಮತ್ತು ಸೆಡ್ರೋಸ್ ಎಂಬ ಎರಡು ದ್ವೀಪಗಳಲ್ಲಿ ಮಾತ್ರ ಅದು ತಾನಾಗಿ ಬೆಳೆಯುತ್ತದೆ. ಗ್ವಾಡಲೂಪೆಯಲ್ಲಿ ಹಿಂದೆ ಬಿಟ್ಟಿದ್ದ ಆಡುಗಳು ಹುಟ್ಟಿದ ಸಸಿಯನ್ನೆಲ್ಲ ತಿಂದು, ಕೊನೆಗೆ ಮುದಿ ಮರಗಳಷ್ಟೇ ಉಳಿದಿದ್ದವು. ತವರಿನಲ್ಲಿ ಈ ಪೈನ್ ಅಳಿವಿನಂಚಿನ ಮರ, ಅದೇ ಕೆಂಪು ಪಟ್ಟಿಯಲ್ಲಿ ನಮ್ಮ ಅಶೋಕಕ್ಕಿಂತ ಒಂದು ಮೆಟ್ಟಿಲು ಹೆಚ್ಚಿನ ಅಪಾಯದಲ್ಲಿದೆ. ಹೊರಗಿನ ಲೋಕದಲ್ಲಿ ಮಾತ್ರ ನ್ಯೂಜಿಲೆಂಡ್, ಚಿಲಿ, ಆಸ್ಟ್ರೇಲಿಯ, ಸ್ಪೇನ್, ದಕ್ಷಿಣ ಆಫ್ರಿಕ ಎಲ್ಲ ಸೇರಿ 40 ಲಕ್ಷ ಹೆಕ್ಟೇರಿಗೂ ಮಿಕ್ಕಿ ಹರಡಿಕೊಂಡಿದೆ. 1830ರ ದಶಕದಲ್ಲಿ ಡೇವಿಡ್ ಡಗ್ಲಾಸ್ ಎಂಬ ಸ್ಕಾಟ್ಲೆಂಡಿನ ಸಸ್ಯ ಸಂಗ್ರಾಹಕ ಇದರ ಬೀಜವನ್ನು ಬ್ರಿಟನ್ನಿಗೆ ಕಳುಹಿಸಿದ. 1850ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲು ನೆಟ್ಟರು. 1920 ಮತ್ತು 30ರ ದಶಕಗಳಲ್ಲಿ ಅಲ್ಲಿನ ಸರ್ಕಾರವೇ ಕೈಂಗರೋವದಂಥ ಬಯಲುಗಳಲ್ಲಿ ಕಾಡಿನಷ್ಟು ದೊಡ್ಡ ತೋಪುಗಳನ್ನು ಎಬ್ಬಿಸಿತು. ಐದು ತುಂಡು ನೆಲದಲ್ಲಿ ಸಿಕ್ಕಿಹಾಕಿಕೊಂಡಿದ್ದ ಮರವೊಂದು ಬೈಕಂಪಾಡಿಯ ಗುಜರಿಗೆ ಬಂದು ಬೀಳುವಷ್ಟು ಸಾಮಾನ್ಯವಾದದ್ದು ಹೀಗೆ. ಅದನ್ನು ಜನರು ಬಿತ್ತಿದರು, ಬಿಡದೆ ಬಿತ್ತಿದರು.

ಬಿಡಿಸುವುದು

ಪ್ಯಾಲೆಟ್‌ನ ಮೊಳೆಗಳು ಸಾದಾ ಮೊಳೆಗಳಲ್ಲ, ಮೈಗೆ ತಿರುಪು ಗೀರು ಇರುವಂಥವು. ಮೀಟುಗೋಲು ಹಾಕಿ ಎತ್ತಿದರೆ ಮೊಳೆ ಬರುವ ಮೊದಲೇ ಹಲಗೆಯ ತುದಿ ಸೀಳುತ್ತದೆ. ಆದ್ದರಿಂದ ಹಲಗೆಗೂ ಅಡಿಯ ದಿಂಡಿಗೂ ನಡುವೆ ಸಣ್ಣ ಬೆಣೆ ಹೊಡೆದು ಎರಡು ಮಿಲಿಮೀಟರ್ ಸಂದು ಮಾಡಿಕೊಂಡು, ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ದಪ್ಪ ಬಟ್ಟೆ ಸುತ್ತಿ, ಒಳಗೆ ತೂರಿಸಿ ಮೊಳೆಗಳನ್ನೇ ಕತ್ತರಿಸಿದೆ. ನಿಧಾನದ ಕೆಲಸ, ಆದರೆ ಹಲಗೆ ಪೂರ್ತಿಯಾಗಿ ಸಿಗುತ್ತದೆ. ಹಲಗೆಯಲ್ಲಿ ಉಳಿದ ಮೊಳೆಯ ತಲೆಗಳನ್ನು ಹಿಂದಿನಿಂದ ಬಡಿದು ಹೊರಕ್ಕೆ ತೆಗೆಯಬೇಕು, ಇಲ್ಲದಿದ್ದರೆ ಕೀಸುಳಿಯ ಅಲಗು ಹಾಳಾಗುತ್ತದೆ.

ಕೀಸುವಾಗ ಪೈನ್‌ನ ಸ್ವಭಾವ ಕೈಗೆ ಗೊತ್ತಾಗುತ್ತದೆ. ಉಂಗುರದ ತಿಳಿ ಭಾಗ ಮರ ವೇಗವಾಗಿ ಬೆಳೆದ ಕಾಲದ್ದು, ಮೆತ್ತಗೆ. ಕಂದು ಗೆರೆ ಬೆಳವಣಿಗೆ ನಿಧಾನವಾದ ಕಾಲದ್ದು, ಗಟ್ಟಿ. ಅಲಗು ಮೊಂಡಾಗಿದ್ದರೆ ಮೆತ್ತನೆಯದು ತಗ್ಗಾಗಿ ಗಟ್ಟಿ ಗೆರೆ ಉಬ್ಬಿ ನಿಲ್ಲುತ್ತದೆ. ರಾಳ ಕೀಸುಳಿಯ ತಳಕ್ಕೆ ಮೆತ್ತಿಕೊಳ್ಳುತ್ತದೆ. ಆಗಾಗ ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸುತ್ತಿದ್ದರೆ ಸರಾಗವಾಗಿ ಓಡುತ್ತದೆ.

ನೆರೆಯ ಬಡಗಿ ಆಚಾರ್ಯರು ಕೈಜೋಡಿಸಲು ಬಂದಿದ್ದರು. ಹಲಸು, ಹೆಬ್ಬಲಸು, ಬೋಗಿಗಳಲ್ಲಿ ಆಯುಷ್ಯ ಕಳೆದವರು. ಹಲಗೆಯ ಅಡ್ಡ ಕೊಯ್ದ ತುದಿಯನ್ನು ಚೂಪು ಉಳಿಯಲ್ಲಿ ನಯಮಾಡಿ ನನ್ನ ಕೈಮಸೂರವನ್ನು ಹಿಡಿದು ನೋಡಿದರು. “ಹಲಸಿನಲ್ಲಿ ಬರಿಗಣ್ಣಿಗೇ ತೂತು ಕಾಣುತ್ತದೆ. ಇದರಲ್ಲಿ ತೂತೇ ಇಲ್ಲವಲ್ಲ ಮಾಸ್ಟ್ರೇ, ನೀರು ಹತ್ತಿದ್ದು ಎಲ್ಲಿಂದ?” ಎಂದು ಕೇಳಿದರು.

ಅವರ ಪ್ರಶ್ನೆಯೇ ಹೂಬಿಡುವ ಮರಕ್ಕೂ ಪೈನ್‌ನಂಥ ಸೂಚಿಪರ್ಣಿ ಮರಕ್ಕೂ ಇರುವ ದೊಡ್ಡ ಅಂತರವನ್ನು ಮುಟ್ಟಿತು. ತೋಟದಲ್ಲಿ ಗಾಳಿಗೆ ಮುರಿದುಬಿದ್ದಿದ್ದ ಅಶೋಕದ ಒಣ ಕೊಂಬೆಯೊಂದನ್ನು ಹಾಗೆಯೇ ಕೊಯ್ದು ಅವರ ಕೈಗೆ ಕೊಟ್ಟೆ. ಮಸೂರದಲ್ಲಿ ಚುಕ್ಕಿ ಚುಕ್ಕಿಯಾಗಿ ತೂತುಗಳು ಕಂಡವು. ಅವು ಒಂದರ ತುದಿಗೆ ಒಂದು ಸೇರಿ ಕೊಳವೆಯಾದ ನೀರಿನ ನಾಳಗಳು. ಹೂಬಿಡುವ ಮರಗಳಲ್ಲಿ ನೀರು ಸಾಗಿಸುವ ಕೆಲಸ ಈ ನಾಳಗಳದು, ಭಾರ ಹೊರುವ ಕೆಲಸ ಬೇರೆ ನಾರುಗಳದು. ಪೈನ್‌ನಲ್ಲಿ ಹೀಗೆ ಕೆಲಸ ಹಂಚಿಕೆ ಇಲ್ಲ. ಅದರ ಮರದ ನೂರಕ್ಕೆ ತೊಂಬತ್ತು ಭಾಗ ಒಂದೇ ಬಗೆಯ ಜೀವಕೋಶ, ಟ್ರೇಕೀಡ್. ಉದ್ದ ಸುಮಾರು ಮೂರು ಮಿಲಿಮೀಟರ್, ಎರಡೂ ತುದಿ ಮುಚ್ಚಿರುತ್ತದೆ. ನೀರು ಒಂದರಿಂದ ಇನ್ನೊಂದಕ್ಕೆ ಪಕ್ಕದ ಗೋಡೆಯ ಸೂಕ್ಷ್ಮ ಗುಳಿಗಳ ಮೂಲಕ ದಾಟುತ್ತಾ ಮೇಲಕ್ಕೆ ಏರುತ್ತದೆ. ಭಾರ ಹೊರುವುದೂ ಅದೇ ಕೋಶ. ಎಲ್ಲ ಕೋಶವೂ ಒಂದೇ ಸಾಲಿನಲ್ಲಿ ನೆಟ್ಟಗೆ ನಿಂತಿರುವುದರಿಂದಲೇ ಹಲಗೆ ಇಷ್ಟು ಹಗುರ, ಇಷ್ಟು ನೇರ, ತುದಿಯಲ್ಲಿ ಇಷ್ಟು ಸುಲಭವಾಗಿ ಸೀಳುವಂಥದ್ದು. ಆಚಾರ್ಯರು ಎರಡೂ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಹೋದರು, ಮಗನಿಗೆ ತೋರಿಸಬೇಕಂತೆ.

ಪೆಟ್ಟಿಗೆ

ಅಶೋಕದ ಸಸಿ ಮೊದಲು ಕೆಳಕ್ಕೆ ಇಳಿಯುತ್ತದೆ, ಆಮೇಲೆ ಮೇಲಕ್ಕೆ. ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೆಳೆಸಿದರೆ ತಾಯಿಬೇರು ತಳಕ್ಕೆ ತಾಗಿ ಸುರುಳಿ ಸುತ್ತಿಕೊಳ್ಳುತ್ತದೆ, ಆ ಸುರುಳಿ ನೆಲಕ್ಕೆ ನೆಟ್ಟ ಮೇಲೂ ಬಿಚ್ಚಿಕೊಳ್ಳುವುದಿಲ್ಲ. ಆಳವಾದ ಪೆಟ್ಟಿಗೆಗೆ ಜಾಲರಿಯ ತಳ ಇಟ್ಟು ನೆಲದಿಂದ ಮೇಲಕ್ಕೆ ಎತ್ತಿ ನಿಲ್ಲಿಸಿದರೆ, ಬೇರಿನ ತುದಿ ಜಾಲರಿ ದಾಟಿ ಗಾಳಿಗೆ ಬಂದೊಡನೆ ಒಣಗುತ್ತದೆ. ಮೇಲಿನಿಂದ ಪಕ್ಕದ ಬೇರುಗಳು ಒಡೆಯುತ್ತವೆ. ಪೆಟ್ಟಿಗೆಯ ಹಿಂದಿರುವ ಯೋಚನೆ ಇಷ್ಟೇ.

ನನ್ನ ಹಲಗೆಗಳು 1200 ಮಿ.ಮೀ. ಉದ್ದ, 95 ಅಗಲ, 20 ದಪ್ಪ. ಪೆಟ್ಟಿಗೆಯ ಒಳ ಅಳತೆ 400 ಮತ್ತು 300 ಮಿ.ಮೀ., ಆಳ ನಾಲ್ಕು ಹಲಗೆಯಷ್ಟು, ಅಂದರೆ 380. ಒಂದು ಹಲಗೆಯಿಂದ 440ರ ಎರಡು ತುಂಡು, 300ರ ಒಂದು ತುಂಡು ಬರುತ್ತದೆ, ಉಳಿದ 20 ಮಿ.ಮೀ. ಗರಗಸದ ಹಾದಿಗೆ ಮತ್ತು ಕೆಟ್ಟ ತುದಿಗೆ ಹೋಗುತ್ತದೆ. ಇಂಥ ನಾಲ್ಕು ಹಲಗೆ, ಜೊತೆಗೆ 300ರ ಇನ್ನು ನಾಲ್ಕು ತುಂಡಿಗಾಗಿ ಎರಡು ಹಲಗೆ. ಒಟ್ಟು ಆರು. ಒಂದು ಪ್ಯಾಲೆಟ್‌ನಲ್ಲಿ ಒಂದು ಪೆಟ್ಟಿಗೆ ಆಗಿ, ಮುಚ್ಚಳದ ಚೌಕಟ್ಟಿಗೂ ಮರ ಉಳಿಯುತ್ತದೆ.

ಇದಕ್ಕಿಂತ ದೊಡ್ಡದು ಬೇಡ ಎಂದದ್ದು ಭಾರದ ಲೆಕ್ಕ ಹಾಕಿ. ಒಳಗೆ ಸುಮಾರು 45 ಲೀಟರ್ ಹಿಡಿಯುತ್ತದೆ. ಒದ್ದೆ ಮಿಶ್ರಣ ಲೀಟರಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗಿದರೂ ಐವತ್ತು ಕಿಲೋ ದಾಟುತ್ತದೆ. ಇಬ್ಬರು ಹೊತ್ತು ಸಾಗಿಸಬಹುದಾದ ಮಿತಿ ಅದೇ. ಜಾಲರಿಯೊಂದೇ ಈ ಭಾರ ತಾಳುವುದಿಲ್ಲ, ಜೋತುಬೀಳುತ್ತದೆ. ಆದ್ದರಿಂದ ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿಯನ್ನು ತಳಕ್ಕೆ ಹೊಡೆದ ಮೇಲೆ ಅದರ ಅಡಿಗೆ ಎರಡು ರೀಪುಗಳನ್ನು ಅಡ್ಡಲಾಗಿ ಕೊಟ್ಟೆ.

ಪ್ಯಾಲೆಟ್‌ನ ದಿಂಡುಗಳನ್ನು ಸೀಳಿ 40 ಮಿ.ಮೀ. ಚೌಕದ, 530 ಉದ್ದದ ನಾಲ್ಕು ಗೂಟ ಮಾಡಿ ಒಳಮೂಲೆಗಳಲ್ಲಿ ನಿಲ್ಲಿಸಿದೆ. ಹಲಗೆಗಳು ಅದಕ್ಕೆ ಸ್ಕ್ರೂ ಆಗುತ್ತವೆ, ಕೆಳಗೆ ಉಳಿದ 150 ಮಿ.ಮೀ. ಕಾಲಾಗುತ್ತದೆ. ಪ್ರತಿ ಸ್ಕ್ರೂವಿಗೂ ಮೊದಲು ಸಣ್ಣ ತೂತು ಕೊರೆಯಲೇಬೇಕು. ಪೈನ್ ತುದಿಯಲ್ಲಿ ಸೀಳದೆ ಬಿಡುವುದಿಲ್ಲ. ಸದಾ ಒದ್ದೆಯಾಗಿರುವ ಜಾಗವಾದ್ದರಿಂದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿದೆ. ಹಲಗೆಯ ತಿರುಳಿನ ಕಡೆಯ ಮುಖ ಒಳಕ್ಕೆ, ತೊಗಟೆಯ ಕಡೆಯದು ಹೊರಕ್ಕೆ ಇರಲಿ: ಒಳಗಿನ ತೇವಕ್ಕೆ ಒಳಮುಖ ಉಬ್ಬಲು ನೋಡುತ್ತದೆ, ಉಂಗುರಗಳ ಬಾಗು ಹೊರಮುಖವನ್ನು ಉಬ್ಬಿಸಲು ನೋಡುತ್ತದೆ, ಎರಡೂ ಸೇರಿ ಹಲಗೆ ನೆಟ್ಟಗೆ ಉಳಿಯುತ್ತದೆ. ಒಂದು ಉದ್ದ ಪಕ್ಕದ ಹಲಗೆಗಳನ್ನು ಹೊರಗಿನಿಂದಲೇ ಬಿಚ್ಚಲು ಬರುವಂತೆ ಬಿಟ್ಟಿದ್ದೇನೆ. ಸಸಿ ತೆಗೆಯುವ ದಿನ ಆ ಪಕ್ಕವನ್ನು ಕಳಚಿದರೆ ಮಣ್ಣಿನ ಗಡ್ಡೆ ಒಡೆಯದೆ ಬರುತ್ತದೆ.

ಇನ್ನು ಗೆದ್ದಲು. 56 ಡಿಗ್ರಿಯಲ್ಲಿ ಬೇಯಿಸಿದ್ದು ಅಂದಿನ ಹುಳುವಿಗೆ ಮಾತ್ರ, ನಮ್ಮ ಹಿತ್ತಲಿನ ಗೆದ್ದಲಿಗೆ ಅಲ್ಲ. ಔಷಧ ಉಣಿಸದ ರೇಡಿಯಾಟಾ ನೆಲಕ್ಕೆ ತಾಗಿದರೆ ಕೆಲವೇ ವರ್ಷಗಳಲ್ಲಿ ಕುಂಬಾಗುತ್ತದೆ. ಕರಾವಳಿಯಲ್ಲಿ ದೋಣಿಗೂ ಪಕ್ಕಾಸಿಗೂ ಬಳಿಯುತ್ತಿದ್ದ ಗೇರೆಣ್ಣೆಯನ್ನೇ ನಂಬಿದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ. ಕೈಗವಸು ಹಾಕಿ, ಮೊಣಕೈವರೆಗೆ ತೆಂಗಿನೆಣ್ಣೆ ಸವರಿಕೊಂಡು, ಹೊರಮೈಗೂ ಕಾಲುಗಳಿಗೂ ಎರಡು ಸಲ ಬಳಿದೆ. ಒಳಮೈಗೆ ಏನನ್ನೂ ಬಳಿಯಲಿಲ್ಲ, ಬೇರು ತಾಗುವ ಜಾಗ ಅದು. ಕಾಲುಗಳನ್ನು ಕೆಂಪುಕಲ್ಲಿನ ಮೇಲೆ ನಿಲ್ಲಿಸಿದ್ದರಿಂದ ಗೆದ್ದಲು ಮಣ್ಣಿನ ಗೆರೆ ಎಳೆದರೆ ಕಣ್ಣಿಗೆ ಬೀಳುತ್ತದೆ, ಒರೆಸಿಬಿಡಬಹುದು.

ಬೀಜ

ಪೈನ್‌ನ ಬೀಜ ಹಣ್ಣಿನೊಳಗೆ ಇರುವುದಿಲ್ಲ. ಕಾಯಿಯಂತೆ ಕಾಣುವ ಕೋನಿನ ಹುರುಪೆಗಳ ಮೇಲೆ ಬತ್ತಲೆಯಾಗಿ ಕೂತಿರುತ್ತದೆ. ರೇಡಿಯಾಟಾದ ಕೋನ್ ರಾಳದಿಂದ ಮುಚ್ಚಿಕೊಂಡು ವರ್ಷಗಟ್ಟಲೆ ಮರದ ಮೇಲೆಯೇ ಇದ್ದು, ಕಾಡ್ಗಿಚ್ಚಿನ ಅಥವಾ ಕಡುಬೇಸಿಗೆಯ ಶಾಖಕ್ಕೆ ಬಾಯಿ ಬಿಡುತ್ತದೆ. ಬೀಜ ಎಷ್ಟು ಸಣ್ಣದೆಂದರೆ ಒಂದು ಕಿಲೋಗೆ ಸುಮಾರು 30,000 ತೂಗುತ್ತವೆ. ಒಣಗಿಸಿ ತಣ್ಣಗೆ ಇಟ್ಟರೆ ವರ್ಷಗಳ ನಂತರವೂ ಮೊಳೆಯುತ್ತದೆ. ಸಾಗರ ದಾಟಲು ಇದಕ್ಕಿಂತ ಏನು ಬೇಕು? ಡಗ್ಲಾಸ್‌ನ ಕಾಲದಲ್ಲಿ ಕ್ಯಾಲಿಫೋರ್ನಿಯಾದಿಂದ ಬ್ರಿಟನ್ನಿಗೆ ತಿಂಗಳುಗಟ್ಟಲೆಯ ಹಡಗಿನ ಪ್ರಯಾಣ.

ಅಶೋಕದ ಬೀಜ ಆ ಪ್ರಯಾಣದಲ್ಲಿ ಬದುಕುವಂಥದ್ದಲ್ಲ. ಚಪ್ಪಟೆಯಾದ, ಒರಟು ತೊಗಲಿನಂಥ ಕಾಯಿಯೊಳಗೆ ನಾಲ್ಕರಿಂದ ಎಂಟು ಬೀಜ, ಒಂದೊಂದೂ ಹೆಬ್ಬೆರಳಿನ ಮೇಲ್ಗಂಟಿನಷ್ಟು. ಅದರೊಳಗೆ ನೀರು ತುಂಬಿರುತ್ತದೆ, ಆ ನೀರು ಆರಿದರೆ ಜೀವವೂ ಆರುತ್ತದೆ. ಮಳೆಕಾಡಿನ ನೆಲ ಎಂದೂ ಒಣಗದು. ಬಿದ್ದ ಬೀಜ ಅಲ್ಲಿಯೇ ಮೊಳೆತರೆ ಸಾಕು, ಕಾಯುವ ಅಭ್ಯಾಸ ಅದಕ್ಕೆ ಬೇಕಾಗಿರಲಿಲ್ಲ. ಒಂದು ಹಿಡಿ ಬೀಜವನ್ನು ಕಾಗದದ ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿಟ್ಟು ತಿಂಗಳ ನಂತರ ಬೇರೆ ಪೆಟ್ಟಿಗೆಯಲ್ಲಿ ಬಿತ್ತಿ ನೋಡಿದೆ. ಒಂದೂ ಏಳಲಿಲ್ಲ. ತಾಜಾ ಬಿತ್ತಿದ ಪೆಟ್ಟಿಗೆಯಲ್ಲಿ ಆ ಹೊತ್ತಿಗೆ ತಾಮ್ರದ ಬಣ್ಣದ ಚಿಗುರು ಜೋತಾಡುತ್ತಿತ್ತು.

ಒಂದು ಮರ ಸಾಮಾನ್ಯವಾಗಿ ಇನ್ನೊಂದು ಅಪರೂಪವಾಗುವುದರಲ್ಲಿ ಮರದ ಗುಣ ಎಷ್ಟಿದೆ, ನಮ್ಮ ಕೈ ಎಷ್ಟಿದೆ ಎಂದು ನಾನು ಕೇಳಿಕೊಳ್ಳುತ್ತಾ ಬಂದಿದ್ದೆ. ಬೀಜದ ಗುಣ ದೊಡ್ಡದು, ನಿಜ. ಆದರೆ ಲಕೋಟೆಯಲ್ಲಿ ಕಳುಹಿಸಲಾಗದ ಬೀಜಕ್ಕೆ ಬೇಕಾಗಿರುವುದು ಮರದ ಹತ್ತಿರವೇ ಇರುವ ನರ್ಸರಿ, ಊರೂರಿಗೆ ಒಂದರಂತೆ. ದೂರದ ದೊಡ್ಡ ನರ್ಸರಿಯೊಂದು ಈ ಮರವನ್ನು ಉಳಿಸಲಾರದು. ಸೂಚಿಪರ್ಣಿಗಳೆಲ್ಲ ಸಾಮಾನ್ಯ ಎಂದೂ ಇಲ್ಲ. ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವ ಒಂದೇ ಸೂಚಿಪರ್ಣಿಯಾದ ನಾಗೇಯಾ ವಾಲಿಚಿಯಾನಾ ಎಲ್ಲಿ ಕಾಣಸಿಗುತ್ತದೆ?

ಬಿತ್ತುವ ಕ್ರಮ ಹೀಗೆ. ಕಾಯಿ ಹಸಿರುನೇರಳೆಯಿಂದ ಕಪ್ಪುಕಂದಿಗೆ ತಿರುಗಿ ಬಿರಿಯುವ ಹೊತ್ತಿಗೆ, ನಮ್ಮಲ್ಲಿ ಮಳೆ ಹಿಡಿಯುವ ಆಚೀಚೆ, ಮರದಡಿ ಹೋಗಬೇಕು. ಗೊಂಚಲು ಗೊಂಚಲು ಹೂವಾದರೂ ಕಾಯಿ ಕಟ್ಟುವುದು ಕೆಲವೇ. ಗಾಳಿಯ ಪಾಲಿಗೆ ಪರಾಗ ಚೆಲ್ಲುವ ಪೈನ್‌ನಂತಲ್ಲ, ಇದಕ್ಕೆ ಚಿಟ್ಟೆಗಳು ಬರಬೇಕು. ಕೊರಕ ಹುಳುವಿನ ತೂತಿರುವ ಬೀಜಗಳನ್ನು ಬಿಟ್ಟು, ಉಳಿದವನ್ನು ನೀರಿಗೆ ಹಾಕಿ ತೇಲಿದ್ದನ್ನು ಬೇರ್ಪಡಿಸಿ, ಒದ್ದೆ ನಾರಿನ ಹುಡಿಯಲ್ಲಿ ಸುತ್ತಿ ತಂದು ಮರುದಿನವೇ ಬಿತ್ತಿದೆ. ಎರಡು ಪಾಲು ಜರಡಿ ಹಿಡಿದ ಕೆಂಪುಮಣ್ಣು, ಒಂದು ಪಾಲು ತೊಳೆದ ತೆಂಗಿನ ನಾರಿನ ಹುಡಿ, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ. ಹತ್ತು ಸೆಂಟಿಮೀಟರಿಗೊಂದರಂತೆ ಪೆಟ್ಟಿಗೆಗೆ ಹನ್ನೆರಡು ಬೀಜ, ಮಗ್ಗುಲಾಗಿ ಮಲಗಿಸಿ, ಬೆರಳು ದಪ್ಪದಷ್ಟು ಮಣ್ಣು ಮುಚ್ಚಿದೆ. ಹೆಗ್ಗಣ ಇದನ್ನು ಬಿಡುವುದಿಲ್ಲ, ಆದ್ದರಿಂದ ಜಾಲರಿ ಬಿಗಿದ ಮುಚ್ಚಳ ಮೊದಲ ದಿನದಿಂದಲೇ ಬೇಕು. ಮೇಲೆ ಅರ್ಧ ಬೆಳಕು ತಡೆಯುವ ನೆರಳುಬಲೆ. ಮಾಡಿನ ನೀರು ನೇರವಾಗಿ ಬೀಳದ ಜಾಗ.

ಬೇರು

ಮಳೆಗಾಲ ಮುಗಿಯುವ ಮೊದಲೇ ಪೆಟ್ಟಿಗೆಯ ಅಡಿಗೆ ಕನ್ನಡಿ ಹಿಡಿದು ನೋಡಿದಾಗ ಜಾಲರಿಯ ಕಣ್ಣುಗಳಲ್ಲಿ ಬೇರಿನ ತುದಿಗಳು ಕಂದಾಗಿ ಒಣಗಿ ನಿಂತಿದ್ದವು. ಮೇಲೆ ಸಸಿ ಇನ್ನೂ ಗೇಣುದ್ದವೂ ಇರಲಿಲ್ಲ. 380 ಮಿ.ಮೀ. ಆಳ ಹೆಚ್ಚಾಯಿತು ಎಂದವರಿಗೆ ನಾನು ಅದನ್ನೇ ತೋರಿಸಿದೆ.

ರೇಡಿಯಾಟಾ ನೆಟ್ಟು 25ರಿಂದ 30 ವರ್ಷಕ್ಕೆ ಹಲಗೆಯಾಗುತ್ತದೆ. ಆ ವೇಗವನ್ನು ಅಶೋಕದಲ್ಲಿ ಹುಡುಕಬಾರದು. ಮೊದಲ ವರ್ಷ ಅದಕ್ಕೆ ನೆರಳು, ತೇವ, ತಾಳ್ಮೆ ಬಿಟ್ಟು ಬೇರೇನೂ ಬೇಡ. ಬೇಸಿಗೆಯಲ್ಲಿ ಬೆಳಿಗ್ಗೆ ಒಂದು ಹೊತ್ತು ನೀರು, ಮೇಲ್ಮಣ್ಣಿಗೆ ಒಣ ಅಡಿಕೆ ಸೋಗೆಯ ಚೂರಿನ ಹೊದಿಕೆ. ನೆಡುವುದಕ್ಕೆ ಒಂದು ತಿಂಗಳ ಮೊದಲು ಉದ್ದ ಕತ್ತಿಯನ್ನು ಸಸಿಗಳ ನಡುವೆ ಇಳಿಸಿ ಮಣ್ಣನ್ನು ಚೌಕ ಚೌಕವಾಗಿ ಕೊಯ್ದಿಟ್ಟೆ, ಒಂದರ ಬೇರು ಇನ್ನೊಂದಕ್ಕೆ ಹೆಣೆದದ್ದು ಬಿಡಿಸಿಕೊಂಡು ತನ್ನ ಚೌಕದೊಳಗೇ ಹೊಸ ಬೇರು ಒಡೆಯಲಿ ಎಂದು. ಮಳೆ ಹಿಡಿದ ಮೇಲೆ ಪಕ್ಕದ ಹಲಗೆ ಕಳಚಿದಾಗ ಗಡ್ಡೆಗಳು ಇಟ್ಟಿಗೆಯ ಹಾಗೆ ಬಿಡಿಬಿಡಿಯಾಗಿ ಕೈಗೆ ಬಂದವು. ತೋಡಿನ ಅಂಚಿನಿಂದ ಸ್ವಲ್ಪ ಮೇಲೆ, ದೊಡ್ಡ ಮರಗಳ ನೆರಳಿರುವಲ್ಲಿ, ಹದಿನೈದು ಅಡಿಗೊಂದರಂತೆ ನೆಟ್ಟಿದ್ದೇವೆ. ದನ ಬಾಯಿ ಹಾಕದಂತೆ ಸುತ್ತಲೂ ಬಿದಿರಿನ ಗೂಡು.

ಪೈನ್ ಪೆಟ್ಟಿಗೆಗಳು ಎರಡನೆಯ ಬಿತ್ತನೆಗೂ ಗಟ್ಟಿಯಾಗಿವೆ. ತಳದ ರೀಪುಗಳ ಕೊಯ್ದ ತುದಿಗಳು ಮಾತ್ರ ನೀರು ಹೀರಿ ಮೆತ್ತಗಾಗತೊಡಗಿದ್ದವು, ಅವನ್ನು ಬದಲಿಸಿ ಹೊಸ ತುದಿಗಳನ್ನು ಗೇರೆಣ್ಣೆಯಲ್ಲಿ ಅದ್ದಿಯೇ ಹೊಡೆದೆ. ಹೊಸದಾಗಿ ಮಾಡುವವರು ಮೊದಲಿಗೇ ಹೀಗೆ ಮಾಡುವುದು ಒಳ್ಳೆಯದು. ಬೀಜ ಬೇಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೇನೆ: ಅಂಚೆಯಲ್ಲಿ ಕಳುಹಿಸುವುದಿಲ್ಲ, ಮೊದಲ ಮಳೆಯ ವಾರದಲ್ಲಿ ಒದ್ದೆ ನಾರಿನ ಹುಡಿಯ ಡಬ್ಬಿ ಹಿಡಿದು ನೀವೇ ಬನ್ನಿ, ಬರುವ ಮೊದಲೇ ಪೆಟ್ಟಿಗೆಗೆ ಮಣ್ಣು ತುಂಬಿ ಸಿದ್ಧವಾಗಿಟ್ಟಿರಿ.